ಸಣ್ಣ ಊರಿನಲ್ಲಿ ಕಾರಿಗೆ ಕರೆಂಟ್

ಐ-90 ಹೆದ್ದಾರಿಯಲ್ಲಿ ಮೌಂಟ್ ರಶ್ಮೋರ್ ನೋಡೋಕೆ ಹೋದವರಿಗೆ ಸೌತ್ ಡಕೋಟಾದ ‘ವಾಲ್’ ಅನ್ನೋ ಊರು ಗೊತ್ತಿರುತ್ತೆ. ಜನಸಂಖ್ಯೆ ಸುಮಾರು 700. 1930ರ ದಶಕದಲ್ಲಿ ಅಲ್ಲಿನ ಔಷಧಿ ಅಂಗಡಿಯೊಂದು ‘ಐಸ್ ನೀರು ಉಚಿತ’ ಅಂತ ದಾರಿಯಲ್ಲಿ ಬೋರ್ಡ್ ಹಾಕಿ ಪ್ರಯಾಣಿಕರನ್ನು ಸೆಳೆಯಿತು. ಈಗ ಆ ಊರಲ್ಲಿ ಟೆಸ್ಲಾ ಸೂಪರ್‌ಚಾರ್ಜರ್ ಇದೆ. ಆದರೆ ಹೆದ್ದಾರಿ ಬಿಟ್ಟು ಒಳಗೆ ಹೋದರೆ, ಅಷ್ಟೇ ದೊಡ್ಡ ಊರುಗಳಲ್ಲಿ ಫಾಸ್ಟ್ ಚಾರ್ಜರ್ ಅಪರೂಪ. ಗಿರಾಕಿ ಕಡಿಮೆ ಅನ್ನೋದು ಅರ್ಧ ಉತ್ತರ ಮಾತ್ರ. ಉಳಿದರ್ಧ ಕರೆಂಟ್ ಕಂಬದ ಮೇಲಿದೆ.

ಚಾರ್ಜಿಂಗ್‌ನಲ್ಲಿ ಮೂರು ಬಗೆ ಅಂತ ನಿಮಗೆ ಗೊತ್ತೇ ಇದೆ. 100 ಮೈಲಿ ಓಡಿಸಲು ಸುಮಾರು 30 ಯೂನಿಟ್ ಬೇಕು ಅಂದುಕೊಳ್ಳಿ. ಗೋಡೆಯ 120 ವೋಲ್ಟ್ ಪ್ಲಗ್‌ನಲ್ಲಿ ಅದಕ್ಕೆ 20 ಗಂಟೆ ದಾಟುತ್ತೆ. 240 ವೋಲ್ಟ್‌ನ ಲೆವೆಲ್ 2ರಲ್ಲಿ ನಾಲ್ಕು ಗಂಟೆ ಚಿಲ್ಲರೆ. ಡಿಸಿ ಫಾಸ್ಟ್ ಚಾರ್ಜರ್‌ನಲ್ಲಿ ಒಂದು ಕಾಫಿ ಮುಗಿಸುವಷ್ಟು ಹೊತ್ತು.

ಈ ಮೂರನೆಯದಕ್ಕೆ ಸಾಮಾನ್ಯವಾಗಿ 480 ವೋಲ್ಟ್ ತ್ರೀ ಫೇಸ್ ಬೇಕು. ಅಮೆರಿಕದ ಹಳ್ಳಿಗಳಿಗೆ ವಿದ್ಯುತ್ ವ್ಯಾಪಕವಾಗಿ ಬಂದದ್ದು 1936ರ ಗ್ರಾಮೀಣ ವಿದ್ಯುದೀಕರಣ ಕಾಯ್ದೆಯ ನಂತರ, ರೈತರೇ ಕಟ್ಟಿಕೊಂಡ ಸಹಕಾರಿ ಸಂಘಗಳ ಮೂಲಕ. ದೂರ ದೂರದ ಮನೆಗಳಿಗೆ ಅಗ್ಗವಾಗಿ ತಂತಿ ಎಳೆಯಬೇಕಿತ್ತು, ಹಾಗಾಗಿ ಸಿಂಗಲ್ ಫೇಸ್ ಹಾಕಿದರು. ಇವತ್ತಿಗೂ ಎಷ್ಟೋ ಕಡೆ ಅದೇ ಇದೆ. (ನಮ್ಮೂರ ಕಡೆ ತಮಾಷೆ ನೋಡಿ: ಪಂಪ್‌ಸೆಟ್ ಪುಣ್ಯದಿಂದ ತ್ರೀ ಫೇಸ್ ತಂತಿ ಹೊಲದ ಬದುವಿನವರೆಗೂ ಬಂದಿದೆ, ಕರೆಂಟ್ ಮಾತ್ರ ದಿನಕ್ಕೆ ಕೆಲವೇ ಗಂಟೆ!) ಮೈಲಿಗಟ್ಟಲೆ ಹೊಸ ಲೈನ್ ಎಳೆದರೆ ಅದರ ಖರ್ಚು ಚಾರ್ಜರ್ ಖರ್ಚನ್ನೇ ಮೀರಬಹುದು.

ಲೈನ್ ಇದ್ದರೂ ಬಿಲ್‌ನಲ್ಲಿ ಇನ್ನೊಂದು ಪೆಟ್ಟು ಕಾದಿರುತ್ತೆ. ಅದರ ಹೆಸರು ಡಿಮ್ಯಾಂಡ್ ಚಾರ್ಜ್. ತಿಂಗಳಲ್ಲಿ ಎಷ್ಟು ಯೂನಿಟ್ ಬಳಸಿದಿರಿ ಅನ್ನೋದರ ಜೊತೆಗೆ, ಯಾವುದೋ ಒಂದು ಹದಿನೈದು ನಿಮಿಷದಲ್ಲಿ ಅತಿ ಹೆಚ್ಚು ಎಷ್ಟು ಕಿಲೋವ್ಯಾಟ್ ಎಳೆದಿರಿ ಅನ್ನೋದಕ್ಕೂ ದುಡ್ಡು. ಉದಾಹರಣೆಗೆ ಕಿಲೋವ್ಯಾಟ್‌ಗೆ 10 ಡಾಲರ್ ಅಂತ ಇಟ್ಟುಕೊಂಡರೆ, 150 ಕಿಲೋವ್ಯಾಟ್ ಚಾರ್ಜರ್ ಒಂದೇ ಒಂದು ಸಲ ಪೂರ್ತಿ ಓಡಿದರೂ 1500 ಡಾಲರ್. ತಿಂಗಳಿಗೆ 60 ಕಾರು ಬಂದು ತಲಾ 30 ಯೂನಿಟ್ ತುಂಬಿಸಿದರೆ ಒಟ್ಟು 1800 ಯೂನಿಟ್. ಅಂದರೆ ಯೂನಿಟ್‌ಗೆ 83 ಸೆಂಟ್ ಇದಕ್ಕೇ ಹೋಯಿತು. ನಗರದಲ್ಲಿ ಇದೇ ಹೊರೆ ಸಾವಿರ ಕಾರುಗಳಿಗೆ ಹಂಚಿಹೋಗುತ್ತೆ, ಹಳ್ಳಿಯಲ್ಲಿ ಹಂಚಿಕೊಳ್ಳೋಕೆ ಜನ ಎಲ್ಲಿ?

2021ರ ಮೂಲಸೌಕರ್ಯ ಕಾನೂನಿನಡಿ ಬಂದ 5 ಬಿಲಿಯನ್ ಡಾಲರ್‌ಗಳ ‘ನೆವಿ’ ಯೋಜನೆ ಮೊದಲು ಹಾಕಿದ ಷರತ್ತು: 50 ಮೈಲಿಗೊಂದು ನಿಲ್ದಾಣ, ಹೆದ್ದಾರಿಯಿಂದ ಒಂದು ಮೈಲಿಯೊಳಗೆ, ತಲಾ 150 ಕಿಲೋವ್ಯಾಟ್‌ನ ನಾಲ್ಕು ಪೋರ್ಟ್. ಹೆದ್ದಾರಿಗೆ ಇದು ಸರಿಯೇ. ಆದರೆ ಒಳಗಿನ ಊರು ಅದನ್ನೇ ನಕಲು ಮಾಡೋದು ನನ್ನ ಪ್ರಕಾರ ತಪ್ಪು. ಲೈಬ್ರರಿ, ಆಸ್ಪತ್ರೆ, ಮೋಟೆಲ್, ಶಾಲೆ ಇಲ್ಲೆಲ್ಲ ಕಾರು ಹೇಗೂ ಗಂಟೆಗಟ್ಟಲೆ ನಿಂತಿರುತ್ತೆ. ಅಲ್ಲಿ ನಾಲ್ಕು ಲೆವೆಲ್ 2 ಹಾಕಿದರೆ ಒಟ್ಟು 29 ಕಿಲೋವ್ಯಾಟ್ ಸಾಕು, ಸಿಂಗಲ್ ಫೇಸ್ ನಡೆಯುತ್ತೆ, ಒಂದು ಕೆಟ್ಟರೆ ಮೂರು ಉಳಿದಿರುತ್ತೆ. ಬಾಡಿಗೆ ಮನೆಯಲ್ಲಿದ್ದು ಗ್ಯಾರೇಜ್ ಇಲ್ಲದವರು ಎಲೆಕ್ಟ್ರಿಕ್ ಕಾರು ಇಟ್ಟುಕೊಳ್ಳೋಕೆ ಆಗೋದೂ ಇಂಥ ಚಾರ್ಜರ್ ಇದ್ದರೇ.

ಫಾಸ್ಟ್ ಬೇಕೇ ಬೇಕು ಅಂದರೆ ಬ್ಯಾಟರಿ ಇರುವ ಚಾರ್ಜರ್‌ಗಳಿವೆ. ನಮ್ಮ ಮನೆಯ ಓವರ್‌ಹೆಡ್ ಟ್ಯಾಂಕ್ ಇದ್ದಂತೆ: ಸಣ್ಣ ಮೋಟಾರ್ ನಿಧಾನವಾಗಿ ತುಂಬಿಸುತ್ತೆ, ನಲ್ಲಿ ತಿರುಗಿಸಿದರೆ ಜೋರಾಗಿ ಬರುತ್ತೆ. ಆದರೆ ಒಂದರ ಹಿಂದೊಂದು ಕಾರು ಬಂದರೆ ಟ್ಯಾಂಕ್ ಖಾಲಿ.

ರೋಡ್ ಟ್ರಿಪ್ ಹೊರಡುವವರು ಕ್ಯಾಂಪ್‌ಗ್ರೌಂಡ್‌ಗಳನ್ನು ಮರೀಬೇಡಿ. ಆರ್‌ವಿಗಳಿಗಿರುವ 50 ಆಂಪ್ ಪ್ಲಗ್ 240 ವೋಲ್ಟ್‌ನದು. ಸರಿಯಾದ ಕೇಬಲ್ ಇದ್ದರೆ 9.6 ಕಿಲೋವ್ಯಾಟ್‌ವರೆಗೆ ಸಿಗುತ್ತೆ, ರಾತ್ರಿ ಮಲಗಿ ಏಳೋಷ್ಟರಲ್ಲಿ ಕಾರು ತುಂಬಿರುತ್ತೆ. ಮೊದಲೇ ಫೋನ್ ಮಾಡಿ, ಕಾರು ಚಾರ್ಜ್ ಮಾಡೋಕೆ ಬಿಡ್ತೀರಾ, ಪ್ಲಗ್ 50 ಆಂಪಾ 30 ಆಂಪಾ ಅಂತ ಎರಡನ್ನೂ ಕೇಳಿ. 30 ಆಂಪ್‌ನ ಆರ್‌ವಿ ಪ್ಲಗ್ ಬರೀ 120 ವೋಲ್ಟ್, ಅದರಲ್ಲಿ ಮೂರು ಕಿಲೋವ್ಯಾಟ್ ಕೂಡ ಬರಲ್ಲ.