ಕಾಣುವ ಹಣ, ಕಾಣದ ಹಣ: ಒಂದು ವಿವೇಚನೆ

‘ಇಂದು ನಗದು, ನಾಳೆ ಉದ್ದರಿ’ ಎಂಬ ಬರಹವನ್ನು ಅಂಗಡಿಯ ಗೋಡೆಯ ಮೇಲೆ ಕಂಡರಿಯದವರು ಕನ್ನಡ ನಾಡಿನ ಹಿರಿಯರಲ್ಲಿ ವಿರಳ. ಗಿರಾಕಿ ಯಾವ ದಿನ ಬಂದರೂ ಆ ದಿನ ‘ಇಂದೇ’ ಆಗಿರುವುದರಿಂದ, ಸಾಲ ದೊರೆಯುವ ‘ನಾಳೆ’ ಎಂದಿಗೂ ಬಾರದು. ವರ್ತಕನ ಜಾಣ್ಮೆಯೆಲ್ಲ ಆ ನಾಲ್ಕು ಮಾತುಗಳಲ್ಲಿ ಅಡಗಿದೆ. 2025ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಅನೇಕ ಅಂಗಡಿಗಳ ಮುಂದೆ ಮತ್ತೊಂದು ಬಗೆಯ ಬರಹ ಕಾಣಿಸಿಕೊಂಡಿತು: ‘ಯುಪಿಐ ಇಲ್ಲ, ನಗದು ಮಾತ್ರ.’ ಮೊದಲನೆಯ ಬರಹ ಬಾರದ ಹಣಕ್ಕೆ ಅಂಜಿ ಹುಟ್ಟಿದ್ದು. ಎರಡನೆಯದು ಬಂದ ಹಣಕ್ಕೆ ಅಂಜಿ ಹುಟ್ಟಿದ್ದು. ಬಂದ ಹಣಕ್ಕೆ ವರ್ತಕನು ಏಕೆ ಅಂಜಬೇಕಾಯಿತು? ನಗದು ಮೇಲೋ ಕಾರ್ಡು ಮೇಲೋ ಎಂಬ ಇಂದಿನ ಚರ್ಚೆಯ ತಿರುಳು ಈ ಪ್ರಶ್ನೆಯಲ್ಲಿದೆ.

1. ಶಬ್ದಗಳ ಸಾಕ್ಷ್ಯ

ಹಣದ ಚರಿತ್ರೆಯನ್ನು ನಮ್ಮ ನುಡಿಯೇ ಕಾಪಾಡಿಕೊಂಡು ಬಂದಿದೆ. ಹಳಗನ್ನಡದ ‘ಪೊನ್’ ಎಂಬುದು ‘ಹೊನ್ನು’ ಆದಂತೆ, ‘ಪಣ’ವೆಂಬುದು ಪಕಾರಕ್ಕೆ ಹಕಾರ ಬಂದು ‘ಹಣ’ವಾಯಿತು. ಇಂದು ಸಂಪತ್ತಿಗೆಲ್ಲ ಅನ್ವಯಿಸುವ ಈ ಮಾತು ಹಿಂದೆ ಒಂದು ಕಿರುನಾಣ್ಯದ ಹೆಸರು. ಕಾಸು, ದುಡ್ಡು ಎಂಬುವೂ ಹೀಗೆಯೇ ಸಣ್ಣ ನಾಣ್ಯಗಳ ಹೆಸರುಗಳಾಗಿದ್ದವು. ‘ನಗದು’ ಎಂಬುದು ಅರಬ್ಬಿ ಮೂಲದಿಂದ ಬಂದು ನಮ್ಮದಾದ ಶಬ್ದ.

ಕೈಗೆ ಸಿಕ್ಕದ ಹಣವೂ ಈ ನಾಡಿಗೆ ಹೊಸತಲ್ಲ. 1638ರಿಂದ 1659ರವರೆಗೆ ಮೈಸೂರನ್ನಾಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ‘ಕಂಠೀರಾಯ ಹಣ’ವು ಬೆರಳ ತುದಿಯಲ್ಲಿ ನಿಲ್ಲುವಷ್ಟು ಕಿರಿದಾದ ಚಿನ್ನದ ನಾಣ್ಯ. ಅಂತಹ ಹತ್ತು ಹಣ ಸೇರಿದರೆ ಒಂದು ವರಹ. ಆದರೆ ಆ ಕಂಠೀರಾಯ ವರಹವು ಲೆಕ್ಕದಲ್ಲಿ ಮಾತ್ರ ಇದ್ದಿತು. ನಾಣ್ಯವಾಗಿ ಯಾರ ಕೈಗೂ ಬರುತ್ತಿರಲಿಲ್ಲ. ಹಾಗೆಯೇ ವರ್ತಕರು ಒಂದು ಊರಿನಲ್ಲಿ ಹಣ ಕಟ್ಟಿ ‘ಹುಂಡಿ’ ಎಂಬ ಪತ್ರವನ್ನು ಪಡೆದು, ಅದನ್ನು ತೋರಿಸಿ ಮತ್ತೊಂದು ಊರಿನಲ್ಲಿ ಹಣವನ್ನೆತ್ತುತ್ತಿದ್ದರು. ದಾರಿಯಲ್ಲಿ ಕಳ್ಳರ ಭಯವಿದ್ದ ಕಾಲದಲ್ಲಿ ಆ ಒಂದು ಚೂರು ಕಾಗದವು ಇಂದಿನ ಕಾರ್ಡಿನ ಕೆಲಸವನ್ನೇ ಮಾಡುತ್ತಿತ್ತು. ಆದುದರಿಂದ ಕಾಣುವ ಹಣ ಹಳೆಯದು, ಕಾಣದ ಹಣ ಹೊಸದು ಎಂಬ ಭಾವನೆ ಪೂರ್ಣಸತ್ಯವಲ್ಲ.

2. ಕಡತದಿಂದ ಪಿಗ್ಮಿ ಪುಸ್ತಕದವರೆಗೆ

ಹಾಗಾದರೆ ಬದಲಾದುದು ಯಾವುದು? ಬದಲಾದುದು ಲೆಕ್ಕ ಬರೆಯುವ ಕೈ.

ಹಿಂದಿನ ವರ್ತಕನು ‘ಕಡತ’ದಲ್ಲಿ ಲೆಕ್ಕ ಬರೆಯುತ್ತಿದ್ದನು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಲ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಕರಿಯ ಪುಸ್ತಕವದು. ಇಂದು ಕಚೇರಿಯ ಫೈಲಿಗೆ ಆ ಹೆಸರು ಉಳಿದಿದೆ. ಕಾಗದ ಬಂದ ಮೇಲೆ ದಿನದಿನದ ಜಮಾಖರ್ಚಿಗೆ ಕಿರ್ದಿ, ಆಸಾಮಿವಾರು ಲೆಕ್ಕಕ್ಕೆ ಖಾತೆ ಎಂಬ ಪುಸ್ತಕಗಳು ಬಳಕೆಗೆ ಬಂದವು. ಸಂಜೆ ದೀಪ ಹಚ್ಚಿದ ಮೇಲೆ ಗಲ್ಲಾಪೆಟ್ಟಿಗೆಯ ಹಣವನ್ನೆಣಿಸಿ ಕಿರ್ದಿಗೆ ತಾಳೆ ನೋಡದೆ ಬಾಗಿಲು ಹಾಕುವ ಪದ್ಧತಿ ಇರಲಿಲ್ಲ. ಅಕ್ಷರ ಹೆಚ್ಚು ಬಾರದವನಿಗೂ ತನ್ನ ಲೆಕ್ಕ ತನ್ನ ಕೈಬರಹದಲ್ಲಿಯೇ ಇರುತ್ತಿತ್ತು.

ಇದರಲ್ಲಿ ಒಂದು ರಕ್ಷಣೆಯೂ ಇದ್ದಿತು. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಭಂಡಾರದ ಹಣದ ವಿಷಯದಲ್ಲಿ ಆರೋಪ ಬಂದಾಗ, ಎಣಿಸಿ ನೋಡಲಾಗಿ ಲೆಕ್ಕ ಸರಿಯಾಗಿಯೇ ಇದ್ದಿತೆಂದು ಪುರಾಣಕಾವ್ಯಗಳು ಹೇಳುತ್ತವೆ. ಲೆಕ್ಕವಿಟ್ಟವನು ಯಾರ ಎದುರಿನಲ್ಲಿಯೂ ತಲೆಯೆತ್ತಿ ನಿಲ್ಲಬಲ್ಲನೆಂಬುದು ಆ ಪ್ರಸಂಗದಿಂದ ವ್ಯಕ್ತವಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಇದೇ ತತ್ತ್ವವನ್ನು ಬಡವರ ಬಾಗಿಲಿಗೆ ಒಯ್ದದ್ದು ಕರಾವಳಿಯ ಪಿಗ್ಮಿ ಯೋಜನೆ. 1925ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರನ್ನು ಪಡೆದ ಸಂಸ್ಥೆಯು 1928ರಲ್ಲಿ, ಡಾ. ಟಿ. ಎಂ. ಎ. ಪೈ ಅವರ ಮುಂದಾಳುತನದಲ್ಲಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಲ್ಲಿಯೇ ಉಳಿತಾಯವನ್ನು ಸಂಗ್ರಹಿಸತೊಡಗಿತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ, ಪಿಗ್ಮಿ ಎಂಬ ಮಾತು ಕನ್ನಡಿಗರ ನಾಲಗೆಯ ಮೇಲೆ ಉಳಿದಿದೆ. ಕೊಟ್ಟ ಹಣವನ್ನು ಬ್ಯಾಂಕಿನವರೂ ಬರೆದುಕೊಳ್ಳುವರು, ಕೊಟ್ಟವನ ಪುಸ್ತಕದಲ್ಲಿಯೂ ಬರೆದುಕೊಡುವರು. ಒಂದೇ ಲೆಕ್ಕಕ್ಕೆ ಎರಡು ಕಡೆಯ ಬರಹ: ನಂಬಿಕೆಯು ಈ ಎರಡರ ನಡುವೆ ನಿಂತಿತ್ತು.

3. ಕಾರ್ಡಿನಿಂದ ಕೈಫೋನಿಗೆ

ಕಾರ್ಡು ನಮ್ಮ ಪೇಟೆಗೆ ಬಂದಾಗ ಅದು ದೊಡ್ಡ ಅಂಗಡಿಗಳ ವಸ್ತುವಾಗಿತ್ತು. ಅದನ್ನು ಉಜ್ಜುವ ಯಂತ್ರ ಬೇಕು, ವರ್ತಕನು ಪ್ರತಿಯೊಂದು ವ್ಯವಹಾರಕ್ಕೂ ಬ್ಯಾಂಕಿಗೆ ಶುಲ್ಕ ತೆರಬೇಕು. ಆದುದರಿಂದ ಸೊಪ್ಪು ಮಾರುವವರು ಅದನ್ನು ಮುಟ್ಟಲಿಲ್ಲ. 2016ನೆಯ ವರ್ಷ ಈ ಸ್ಥಿತಿಯನ್ನು ಬದಲಿಸಿತು. ಆ ಏಪ್ರಿಲಿನಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಯುಪಿಐ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಗಳ ಹಳೆಯ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ಇವುಗಳ ಪಾಲು ಸುಮಾರು ನೂರಕ್ಕೆ 86. ನಗದಿನ ಬರದಲ್ಲಿ ಬೆಂದ ಜನ ಕೈಫೋನಿನತ್ತ ತಿರುಗಿದರು. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡುಗಳ ಪಾವತಿಗೆ ವರ್ತಕನು ಶುಲ್ಕ ಕೊಡಬೇಕಾಗಿಲ್ಲವೆಂದು ಗೊತ್ತುಪಡಿಸಲಾಯಿತು. 2025ರ ಆಗಸ್ಟ್ ತಿಂಗಳೊಂದರಲ್ಲಿಯೇ ದೇಶದಲ್ಲಿ 2,000 ಕೋಟಿಗೂ ಮೀರಿದ ಯುಪಿಐ ವ್ಯವಹಾರಗಳು ನಡೆದವು.

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಒಮ್ಮೆ ಸಂಚರಿಸಿದರೆ ಇದರ ವ್ಯಾಪ್ತಿ ತಿಳಿಯುತ್ತದೆ. 1948ರಲ್ಲಿ ರಾಜಾಜಿಯವರಿಂದ ಅಡಿಗಲ್ಲು ಕಂಡ ಜಯನಗರದ ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಯಲ್ಲಿ ತರಕಾರಿಯ ಗುಡ್ಡೆಯ ಪಕ್ಕದಲ್ಲಿ ಚೌಕಾಕಾರದ ಸಂಕೇತಪಟ್ಟಿ ನಿಂತಿರುತ್ತದೆ. ಬನಶಂಕರಿ ದೇವಾಲಯದ ಎದುರಿಗೆ ಮಂಗಳವಾರ, ಶುಕ್ರವಾರಗಳಂದು ನಿಂಬೆಹಣ್ಣಿನ ದೀಪ ಮಾರುವವರ ಬುಟ್ಟಿಯಲ್ಲಿಯೂ, ಮೊಳಹಾಕಿ ಹೂವು ಮಾರುವವರ ಮೊರದ ಅಂಚಿನಲ್ಲಿಯೂ ಅದೇ ಪಟ್ಟಿ. ಜೆ. ಪಿ. ನಗರದ ದರ್ಶಿನಿಗಳಲ್ಲಿ ಹಣ ಸಂದಿತೆಂದು ಧ್ವನಿಪೆಟ್ಟಿಗೆ ಕೂಗಿ ಹೇಳುತ್ತದೆ. ದೂರದ ಪ್ರಾಂತಗಳಿಂದ ಬಂದು ಬಿ. ಟಿ. ಎಂ. ಬಡಾವಣೆಯಲ್ಲಿ ನೆಲೆಸಿದ ತರುಣರ ಜೇಬಿನಲ್ಲಿ ನೋಟು ಸಿಕ್ಕುವುದೇ ಅಪರೂಪ. ಚಿಲ್ಲರೆಯಿಲ್ಲವೆಂದು ಚಾಕೊಲೇಟು ಕೊಡುತ್ತಿದ್ದ ಕಾಲ ಹಿಂದೆ ಸರಿಯಿತು. ಅನುಕೂಲವು ನಿಜವಾದದ್ದು, ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

4. ಜುಲೈ ತಿಂಗಳಿನ ಪಾಠ

ಆದರೆ ಧ್ವನಿಪೆಟ್ಟಿಗೆ ಕೂಗಿದ ಪ್ರತಿಯೊಂದು ಮೊತ್ತವೂ ಎಲ್ಲಿಯೋ ಬರೆದಿಡಲ್ಪಡುತ್ತಿತ್ತು. ವರ್ತಕನ ಕಿರ್ದಿ ಮಾತ್ರ ಬರಿದಾಗಿತ್ತು. 2025ರಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು ಹಿಂದಿನ ನಾಲ್ಕು ವರ್ಷಗಳ ಯುಪಿಐ ಜಮೆಗಳನ್ನು ಪರಿಶೀಲಿಸಿ, ಜಿಎಸ್‌ಟಿ ನೋಂದಣಿಯಿಲ್ಲದ ಬೇಕರಿ, ಕಾಂಡಿಮೆಂಟ್ಸ್, ಚಹದಂಗಡಿ ಮುಂತಾದವುಗಳ ವರ್ತಕರಿಗೆ ನೋಟಿಸುಗಳನ್ನು ಕಳುಹಿಸಿತು. ವರ್ಷದ ವಹಿವಾಟು ಸರಕಿನ ವ್ಯಾಪಾರದಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿಗಳನ್ನು ಮೀರಿದರೆ ನೋಂದಣಿ ಕಡ್ಡಾಯವೆಂಬುದು ನಿಯಮ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ, ನಾಲ್ಕು ವರ್ಷಗಳಲ್ಲಿ 1 ಕೋಟಿ 63 ಲಕ್ಷ ರೂಪಾಯಿ ಜಮೆಯಾಗಿದೆಯೆಂದು 29 ಲಕ್ಷ ರೂಪಾಯಿಗಳ ಬೇಡಿಕೆ ಬಂದುದು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಹಸಿ ತರಕಾರಿಗೆ ತೆರಿಗೆಯೇ ಇಲ್ಲವೆಂಬುದು ಇಲ್ಲಿ ಗಮನಾರ್ಹ.

ಅಂಗಡಿಗಳವರು ಸಂಕೇತಪಟ್ಟಿಗಳನ್ನು ಕಿತ್ತುಹಾಕಿ ನಗದಿಗೆ ಮರಳಿದರು. ಜುಲೈ 25ರಂದು ಬಂದ್ ಆಚರಿಸುವ ಕರೆಯೂ ಬಂದಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಪ್ರತಿನಿಧಿಗಳೊಡನೆ ಸಭೆ ನಡೆಸಿದರು. ಸುಮಾರು 9,000 ವರ್ತಕರಿಗೆ ಸುಮಾರು 18,000 ನೋಟಿಸುಗಳು ಹೋಗಿದ್ದುವೆಂಬ ಸಂಗತಿ ಆಗ ಹೊರಬಂದಿತು. ಹಾಲು, ತರಕಾರಿ, ಹಣ್ಣು, ಮಾಂಸ ಮುಂತಾದ ತೆರಿಗೆಯಿಲ್ಲದ ಸರಕಿನವರ ಮೇಲೆ ಕ್ರಮವಿಲ್ಲ, ನೋಂದಣಿ ಮಾಡಿಸಿಕೊಂಡವರಿಂದ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ ಎಂಬ ಭರವಸೆ ದೊರೆಯಿತು. ಬಂದ್ ಕರೆ ಹಿಂದಕ್ಕೆ ಹೋಯಿತು.

ಈ ಪ್ರಸಂಗದಲ್ಲಿ ಎರಡು ಸಂಗತಿಗಳು ವಿಚಾರಾರ್ಹವಾಗಿವೆ. ಮೊದಲನೆಯದು, ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ ಹಣವಲ್ಲ. ಮಗನು ಕಳುಹಿಸಿದ್ದು, ನೆರೆಯವನು ಹಿಂದಿರುಗಿಸಿದ ಕೈಗಡ, ಸ್ವಂತ ಹಣದ ವರ್ಗಾವಣೆ ಎಲ್ಲವೂ ಒಂದೇ ಸಾಲಿನಲ್ಲಿ ಬಂದು ಕೂಡುತ್ತವೆ. ಯಂತ್ರಕ್ಕೆ ಮೊತ್ತ ತಿಳಿಯುತ್ತದೆ, ಸಂಬಂಧ ತಿಳಿಯದು. ಸಂಬಂಧವನ್ನು ಬರೆದಿಡಬೇಕಾದವನು ಖಾತೆಯ ಒಡೆಯ. ಎರಡನೆಯದು, ವಹಿವಾಟು ಬೇರೆ, ಲಾಭ ಬೇರೆ. ದಿನಕ್ಕೆ 11,000 ರೂಪಾಯಿಗಳ ವ್ಯಾಪಾರವಾದರೆ ವರ್ಷಕ್ಕೆ 40 ಲಕ್ಷ 15 ಸಾವಿರವಾಗಿ ಮಿತಿ ಮೀರುತ್ತದೆ. ರೂಪಾಯಿಗೆ ಎಂಟು ಪೈಸೆಯ ಲಾಭವೆಂದು ಹಿಡಿದರೆ ಉಳಿಯುವುದು 3 ಲಕ್ಷ 21 ಸಾವಿರ ಮಾತ್ರ. ತನ್ನ ವ್ಯಾಪಾರ ಮಿತಿ ಮೀರಿದುದು ಇಂತಹವನ ಅರಿವಿಗೇ ಬಂದಿರುವುದಿಲ್ಲ. ಅರಿತು ಕಾಲದಲ್ಲಿ ನೋಂದಾಯಿಸಿಕೊಂಡಿದ್ದರೆ, ಒಂದೂವರೆ ಕೋಟಿಯೊಳಗಿನ ಸರಕು ವ್ಯಾಪಾರಿಗೆ ನೂರಕ್ಕೆ ಒಂದರಂತೆ ತೆರಿಗೆ ಕಟ್ಟುವ ರಾಜಿ ಪದ್ಧತಿ ಲಭ್ಯವಿದ್ದಿತು.

ನಗದಿಗೆ ಮರಳಿದ ಮಾತ್ರಕ್ಕೆ ಈ ತೊಡಕು ಬಿಡಿಸಿಕೊಳ್ಳುವುದಿಲ್ಲ. ನಗದಾಗಿ ಬಂದರೂ ಕಾಣದಂತೆ ಬಂದರೂ ವಹಿವಾಟು ವಹಿವಾಟೇ ಎಂದು ಇಲಾಖೆಯೂ ಸ್ಪಷ್ಟಪಡಿಸಿತು. ತನ್ನ ಲೆಕ್ಕವನ್ನು ತಾನು ಬರೆಯದವನು ಪರರು ಬರೆದ ಲೆಕ್ಕಕ್ಕೆ ಉತ್ತರ ಹೇಳಬೇಕಾಗುತ್ತದೆ; ಜುಲೈ ತಿಂಗಳಿನ ಪಾಠ ಇಷ್ಟೇ.

5. ನಗದಿನ ಸ್ಥಾನ

ಹಾಗೆಂದು ನಗದು ಬೇಡವಾದ ವಸ್ತುವೆಂದು ತಿಳಿಯಬಾರದು. ನೋಟು ರದ್ದತಿಗೆ ಮುನ್ನ ದೇಶದಲ್ಲಿ ಸುಮಾರು 17 ಲಕ್ಷ ಕೋಟಿ ರೂಪಾಯಿಗಳ ನಗದು ಚಲಾವಣೆಯಲ್ಲಿದ್ದಿತು. 2025ರ ಮಾರ್ಚ್ ವೇಳೆಗೆ ಅದು 36 ಲಕ್ಷ ಕೋಟಿಯನ್ನು ಮೀರಿತು. ಯುಪಿಐ ಬೆಳೆದಂತೆ ನಗದೂ ಬೆಳೆಯಿತು. 2025ರ ಮಾರ್ಚ್ 26ರಂದು ಮತ್ತು ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ವ್ಯವಸ್ಥೆಯು ಅಸ್ತವ್ಯಸ್ತವಾದಾಗ, ಜೇಬಿನಲ್ಲಿ ನೂರು ರೂಪಾಯಿ ಇಟ್ಟುಕೊಂಡವನೇ ಭಾಗ್ಯವಂತನಾದನು. 1661ರಲ್ಲಿ ಯೂರೋಪಿನ ಮೊತ್ತಮೊದಲ ಬ್ಯಾಂಕು ನೋಟುಗಳನ್ನು ಹೊರಡಿಸಿದ ಸ್ವೀಡನ್ ದೇಶವು ಇಂದು ನೋಟನ್ನು ಬಹುಮಟ್ಟಿಗೆ ಮರೆತಿದೆ. ಆದರೂ ಆಪತ್ಕಾಲಕ್ಕಾಗಿ ಮನೆಯಲ್ಲಿ ಅಲ್ಪಸ್ವಲ್ಪ ನಗದಿರಲಿ ಎಂದು ಅಲ್ಲಿನ ಸರ್ಕಾರವೇ ಪ್ರಜೆಗಳಿಗೆ ಹೇಳುತ್ತಿದೆ.

ನಗದಿಗೆ ವಿದ್ಯುತ್ತು ಬೇಡ, ಗುಪ್ತಸಂಖ್ಯೆ ಬೇಡ. ಕಣ್ಣು ಮಸುಕಾದ ಅಜ್ಜಿಯೂ ಅದನ್ನು ಮುಟ್ಟಿ ತಿಳಿಯಬಲ್ಲಳು. ನೋಟಿನ ಭಾಷಾಪಟ್ಟಿಯ ಹದಿನೈದು ಸಾಲುಗಳಲ್ಲಿ ಮೇಲಿನಿಂದ ನಾಲ್ಕನೆಯ ಸಾಲಿನಲ್ಲಿ ಅದರ ಬೆಲೆ ಕನ್ನಡದಲ್ಲಿ ಮುದ್ರಿತವಾಗಿರುತ್ತದೆ. ಎಣಿಸಿ ಕೊಟ್ಟಾಗ ಖರ್ಚು ಕೈಗೆ ತಿಳಿಯುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಇಂದಿನದು, ನೋವು ಮುಂದಿನ ತಿಂಗಳಿನದು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯಲ್ಲಿ ಹಾಸಿಗೆಯ ಅಳತೆಯನ್ನು ಕಣ್ಣಿಗೆ ತೋರಿಸುವುದು ನಗದೇ. ಆದುದರಿಂದ ಹಿರಿಯರಿಗೂ ಬಡವರಿಗೂ ನಗದಾಗಿ ಕೊಡುವ ಅವಕಾಶವನ್ನು ಯಾವ ಅಂಗಡಿಯೂ ಸಂಸ್ಥೆಯೂ ಮುಚ್ಚಬಾರದು.

6. ಶಾಲೆಯ ಹೊಣೆ

ಈ ವಿಷಯ ಶಾಲೆಗೆ ಸಂಬಂಧಿಸಿದ್ದಲ್ಲವೆಂದು ಭಾವಿಸುವಂತಿಲ್ಲ. ಇಂದಿನ ಬಾಲಕನು ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವ ಸಂದರ್ಭವೇ ಕಡಿಮೆಯಾಗಿದೆ. ಕೂಡುವುದು ಕಳೆಯುವುದು ಅವನಿಗೆ ಪುಸ್ತಕದ ಮಾತಾಗಿ ಉಳಿಯುತ್ತಿದೆ. ಮನೆಯ ಒಂದು ವಾರದ ಖರ್ಚನ್ನು ಕಾಣುವ ಹಣ, ಕಾಣದ ಹಣ ಎಂಬ ಎರಡು ಅಂಕಣಗಳಲ್ಲಿ ಬರೆದು, ವಾರದ ಕೊನೆಗೆ ಬ್ಯಾಂಕಿನ ಲೆಕ್ಕಕ್ಕೆ ತಾಳೆ ನೋಡುವ ಅಭ್ಯಾಸವನ್ನು ಉಪಾಧ್ಯಾಯರು ಕಲಿಸಬಹುದು. ಇದಕ್ಕೆ ಒಂದು ನೋಟ್‌ಬುಕ್ಕಿನ ಹೊರತು ಬೇರೆ ವೆಚ್ಚವಿಲ್ಲ. ಹಣ ಕೊಡುವುದಕ್ಕೆ ಮಾತ್ರ ಗುಪ್ತಸಂಖ್ಯೆ ಬೇಕು, ಪಡೆಯುವುದಕ್ಕೆ ಬೇಡ. ಮೋಸವಾದರೆ ಒಡನೆಯೇ 1930 ಸಂಖ್ಯೆಗೆ ದೂರವಾಣಿ ಮಾಡಬೇಕು: ಈ ಎರಡು ಮಾತುಗಳನ್ನು ಕಲಿತ ಮಗುವು ಮನೆಯ ಅಜ್ಜ ಅಜ್ಜಿಯರಿಗೆ ಅವನ್ನು ಕಲಿಸಬಲ್ಲದು.

ದಾನಿಗಳಿಗೂ ಸಂಸ್ಥೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. 2,000 ರೂಪಾಯಿಗಳನ್ನು ಮೀರಿದ ದಾನವನ್ನು ನಗದಾಗಿ ಕೊಟ್ಟರೆ ಆದಾಯ ತೆರಿಗೆಯ ವಿನಾಯಿತಿ ದೊರೆಯದು. ಹೇಗೆ ಕೊಟ್ಟರೂ ರಸೀತಿ ಕೇಳಿ ಪಡೆಯುವುದು ಅವಿಶ್ವಾಸದ ಲಕ್ಷಣವಲ್ಲ. ಅದು ಕೊಟ್ಟವನಿಗೂ ಕೊಂಡವನಿಗೂ ಸಮಾನವಾದ ಗೌರವ.

ಹೊನ್ನು ಹೋಗಿ ಹಣ ಬಂದಿತು, ಹಣ ಹೋಗಿ ನೋಟು ಬಂದಿತು, ನೋಟಿನ ಮಗ್ಗುಲಲ್ಲಿ ಇಂದು ಕಾಣದ ಹಣ ಬಂದು ನಿಂತಿದೆ. ರೂಪ ಯಾವುದಾದರೂ ಆಗಲಿ, ಸಂಜೆ ಕುಳಿತು ತನ್ನ ಲೆಕ್ಕವನ್ನು ತಾನು ಬರೆಯುವ ಕೈಯೊಂದು ಪ್ರತಿಯೊಂದು ಮನೆಯಲ್ಲಿಯೂ ಅಂಗಡಿಯಲ್ಲಿಯೂ ಇರಬೇಕು. ಆ ಕೈಯನ್ನು ಸಿದ್ಧಪಡಿಸುವುದು ವಿದ್ಯಾಲಯದ ಕೆಲಸ.