ಕಲ್ಲಿಗೆ ಸೋಪು ಬೇಡ, ಬಿಸಿಲು ಕೊಡಿ

ಬೈಲಹೊಂಗಲದಿಂದ ರಾಮದುರ್ಗದವರೆಗೆ ಈಗ ಹೊಸದಾಗಿ ಸಂಸಾರ ಹೂಡಿದ ಮಕ್ಕಳು ಮತ್ತೆ ಕಲ್ಲಿನ ಪಾತ್ರೆಗಳ ಕಡೆ ಹೊರಳಿದ್ದಾರೆ. ಫೋನಿನಲ್ಲಿ ನೋಡಿ ತರಿಸಿದ ಬಳಪದ ಕಲ್ಲಿನ ಕಡಾಯಿ, ಪಡ್ಡಿನ ಹಂಚು, ಜೊತೆಗೆ ಅಜ್ಜಿಯ ಕಾಲದ ಒಳ್ಳು, ಬೀಸುವ ಕಲ್ಲು. ನೋಡಿ ನನಗೆ ಬಹಳ ಸಂತೋಷ. ಆದರೆ ಅವನ್ನು ಸ್ಟೀಲ್ ಡಬರಿ ತಿಕ್ಕಿದಂತೆ ಸೋಪು ಹಚ್ಚಿ, ತಂತಿಯ ಜೂನಿಯಿಂದ ಉಜ್ಜಿ, ಹಸಿಹಸಿಯಾಗಿಯೇ ಮೂಲೆಗೆ ಬೋರಲು ಹಾಕುವುದನ್ನು ಕಂಡರೆ ಜೀವ ಚುರ್ ಅನ್ನುತ್ತದೆ. ಕಲ್ಲಿನ ಆರೈಕೆಯಲ್ಲಿ ತೊಳೆಯುವ ಕೆಲಸ ಸ್ವಲ್ಪ, ಒಣಗಿಸುವ ಕೆಲಸವೇ ಹೆಚ್ಚು. ಇದೊಂದನ್ನು ನೆನಪಿಟ್ಟರೆ ಅರ್ಧ ಗೆದ್ದಂತೆ.

ಮೊದಲು ಕೈಯಲ್ಲಿರುವುದು ಯಾವ ಕಲ್ಲು ಎಂದು ತಿಳಿದುಕೊಳ್ಳಿ. ಒಳ್ಳು, ಬೀಸುವ ಕಲ್ಲು ಗಟ್ಟಿ ಕರಿಕಲ್ಲಿನವು. ಪೆಟ್ಟು ತಿನ್ನುತ್ತವೆ, ಬೆಂಕಿ ತಾಳುವುದಿಲ್ಲ. ಕಡಾಯಿ, ಪಡ್ಡಿನ ಹಂಚು ಬಳಪದ ಕಲ್ಲಿನವು. ಬೆಂಕಿ ತಾಳುತ್ತವೆ, ಪೆಟ್ಟು ತಾಳುವುದಿಲ್ಲ. ಬಳಪದ ಕಲ್ಲಿನಲ್ಲಿ ಟಾಲ್ಕ್ ಎಂಬ ಖನಿಜ ಹೆಚ್ಚಾಗಿರುತ್ತದೆ. ಮೈಗೆ ಹಚ್ಚುವ ಪೌಡರಿನಲ್ಲಿರುವುದು ಅದೇ, ಖನಿಜಗಳಲ್ಲೆಲ್ಲ ಅತಿ ಮೆದು. ಅಣ್ಣಿಗೇರಿಯ ಅಮೃತೇಶ್ವರ, ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಗಳಲ್ಲಿ 11ನೆಯ ಶತಮಾನದ ಶಿಲ್ಪಿಗಳು ಅಷ್ಟು ನವಿರಾಗಿ ಕೆತ್ತಲು ಸಾಧ್ಯವಾದದ್ದು ಈ ಜಾತಿಯ ಕಲ್ಲಿನ ಮೆದುತನದಿಂದಲೇ. ಉಳಿಗೆ ಮಣಿಯುವ ಕಲ್ಲು ತಂತಿಯ ಜೂನಿಗೂ ಮಣಿಯುತ್ತದೆ ಎಂಬುದನ್ನು ಮರೆಯಬೇಡಿ.

ಇನ್ನೊಂದು ಎಚ್ಚರಿಕೆ. ಸವದತ್ತಿಯ ಎಲ್ಲಮ್ಮನ ಗುಡ್ಡದ ಸಾಲು, ಮಲಪ್ರಭೆ ಗುಡ್ಡ ಸೀಳಿಕೊಂಡು ಹರಿಯುವ ನವಿಲುತೀರ್ಥ, ಇಲ್ಲೆಲ್ಲ ಇರುವುದು ಮರಳುಗಲ್ಲಿನ ಜಾತಿ. ಕಟ್ಟಡಕ್ಕೆ ಅದು ಚೆನ್ನ, ಕುಟ್ಟುವ ಒಳ್ಳಿಗೆ ಬೇಡ. ಚಟ್ನಿಯಲ್ಲಿ ಹರಳು ಉದುರುತ್ತದೆ. ರಾಮದುರ್ಗದಾಚೆ ಲೋಕಾಪುರದ ಕಡೆಯ ಸುಣ್ಣದ ಕಲ್ಲೂ ಬೇಡ, ಅಮೃತಶಿಲೆಯ ಕುಟ್ಟಾಣಿಯೂ ಹುಳಿಗೆ ಬೇಡ. ಶಹಾಬಾದ್ ಫರಸಿಯ ಮೇಲೆ ಲಿಂಬಿಹುಳಿ ಬಿದ್ದಲ್ಲಿ ಕಲೆ ಹೇಗೆ ಉಳಿಯುತ್ತದೆ, ನೀವೇ ನೋಡಿದ್ದೀರಿ. ಹುಳಿ ಆ ಕಲ್ಲನ್ನು ತಿನ್ನುತ್ತದೆ. ಹೊಸ ಪಾತ್ರೆಯ ತಳಕ್ಕೆ ಒಂದು ಹನಿ ಲಿಂಬಿರಸ ಬಿಟ್ಟು ನೋಡಿ; ಗುಳ್ಳೆ ಎದ್ದರೆ ಪುಂಡಿಪಲ್ಲೆ, ಹುಣಸೆಸಾರು ಅದರಲ್ಲಿ ಮಾಡಬೇಡಿ. ಕಪ್ಪಗೆ ಮಿರಮಿರ ಮಿಂಚುವ ಪಾತ್ರೆ ಬಂದರೆ ಬಿಳಿ ಬಟ್ಟೆಗೆ ಎಣ್ಣೆ ಸವರಿ ಒರೆಸಿ. ಬಟ್ಟೆಗೆ ಬಣ್ಣ ಹತ್ತಿದರೆ ವಾಪಸ್ ಕಳಿಸಿ.

ಬಳಪದ ಕಲ್ಲಿನ ಪಾತ್ರೆಯನ್ನು ತಂದ ದಿನವೇ ಒಲೆಗೆ ಏರಿಸಬಾರದು, ಪಳಗಿಸಬೇಕು. ಮೊದಲು ನೀರಲ್ಲಿ ನೆನೆಸಿ, ತೆಂಗಿನ ನಾರಿನಿಂದ ಒಳಹೊರಗೆ ತಿಕ್ಕಿ. ಒಣಗಿದ್ದಾಗ ಉಜ್ಜಬೇಡಿ, ಅದರ ಪುಡಿ ಉಸಿರಿಗೆ ಹೋಗಬಾರದು. ಆಮೇಲೆ ಅಕ್ಕಿ ತೊಳೆದ ನೀರೋ ಅನ್ನ ಬಸಿದ ಗಂಜಿಯೋ ತುಂಬಿ ಇಡಿ, ದಿನಾ ಬದಲಿಸಿ. ಮೂರು ನಾಲ್ಕು ದಿನ ಸಾಕು. ಕಲ್ಲಿನ ಸಣ್ಣ ತೂತುಗಳಲ್ಲಿ ಗಂಜಿ ಇಳಿದು ಕೂಡುತ್ತದೆ. ಪೂರ್ತಿ ಒಣಗಿದ ಮೇಲೆ ಎಣ್ಣೆ ಸವರಿ ಬಿಸಿಲಿಗಿಡಿ, ಮರುದಿನ ಸಣ್ಣ ಉರಿಯ ಮೇಲೆ ಬೆಚ್ಚಗೆ ಮಾಡಿ, ಆರಿದ ಮೇಲೆ ಒರೆಸಿ. ಹೀಗೆ ಇನ್ನೊಂದೆರಡು ಸಲ. ಬೂದು ಬಣ್ಣದ ಕಲ್ಲು ನಿಧಾನಕ್ಕೆ ಕಪ್ಪಾಗುತ್ತ ಬರುತ್ತದೆ.

ಎಣ್ಣೆಯ ವಿಷಯ ಬಂತಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಎರೆಹೊಲಗಳ ಕುಸುಬಿ ಎಣ್ಣೆ ಈ ಕೆಲಸಕ್ಕೆ ಬಹಳ ಚಲೋ. ಅದು ಗಾಳಿ ಮತ್ತು ಬಿಸಿಗೆ ಒಣಗಿ ಪದರ ಕಟ್ಟುವ ಎಣ್ಣೆ. ಅಗಸಿ ಎಣ್ಣೆ ಇನ್ನೂ ಬೇಗ ಪದರ ಕಟ್ಟುತ್ತದೆ. ಆದರೆ ಎರಡನ್ನೂ ದಪ್ಪಗೆ ಬಳಿದರೆ ಅಂಟಂಟಾಗಿ ಕಮಟು ವಾಸನೆ ಬರುತ್ತದೆ. ಹಚ್ಚಿದ ಎಣ್ಣೆ ಬಟ್ಟೆಯಿಂದ ಒರೆಸಿ ತೆಗೆದ ಮೇಲೂ ಉಳಿಯುವಷ್ಟು ಇದ್ದರೆ ಸಾಕು. ಬ್ರೆಜಿಲ್ ದೇಶದ ಮಿನಾಸ್ ಜೆರಾಯಿಸ್ ಪ್ರಾಂತ್ಯದಲ್ಲಿ ಇಂಥದೇ ಕಲ್ಲಿನ ಗಡಿಗೆಗೆ ತಾಮ್ರದ ಪಟ್ಟಿ ಬಿಗಿದು ಅಡುಗೆ ಮಾಡುತ್ತಾರೆ; ಅಲ್ಲಿಯೂ ಹೊಸದಕ್ಕೆ ಎಣ್ಣೆ ಹಚ್ಚಿ ಕಾಯಿಸಿಯೇ ಬಳಕೆಗೆ ತರುತ್ತಾರೆ. ಅಷ್ಟು ದೂರದ ಜನರೂ ಇದೇ ದಾರಿಗೆ ಬಂದಿದ್ದಾರೆ.

ಇನ್ನು ಒಲೆಯ ಮಾತು. ಕಲ್ಲು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಸಣ್ಣ ಉರಿಯಿಂದ ಶುರು ಮಾಡಿ, ಬ್ಯಾಳಿ ಮುಕ್ಕಾಲು ಬೆಂದಾಗಲೇ ಗ್ಯಾಸ್ ಆರಿಸಿ; ಉಳಿದದ್ದನ್ನು ಕಲ್ಲೇ ಬೇಯಿಸುತ್ತದೆ. ಪಳಗಿಸುವಾಗ ಬಿಟ್ಟರೆ, ಬರಿದಾದ ಪಾತ್ರೆ ಉರಿಯ ಮೇಲೆ ಇರಬಾರದು. ಕಾದ ಕಲ್ಲಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು: ಮೇಲ್ಮೈ ಥಟ್ಟನೆ ಕುಗ್ಗುತ್ತದೆ, ಒಳಗಿನದು ಹಿಗ್ಗಿಯೇ ಇರುತ್ತದೆ. ಈ ಕಾರಣಕ್ಕೇ ಜೋಳದ ರೊಟ್ಟಿಗೆ ಕಲ್ಲಿನ ತವೆ ಬೇಡ ಎನ್ನುತ್ತೇನೆ. ರೊಟ್ಟಿಗೆ ಜೋರು ಉರಿ ಬೇಕು, ಮೇಲೆ ನೀರು ಸವರಬೇಕು. ಅದಕ್ಕೆ ಕಬ್ಬಿಣದ ಹಂಚೇ ಸರಿ. ಕಲ್ಲಿಗೆ ಪಡ್ಡು, ಝುಣಕ, ಸಾರು, ಪಲ್ಲೆ ಇರಲಿ.

ಊಟ ಮುಗಿಯಿತು, ಪಾತ್ರೆ ಆರಿತು. ಆರಿದೆಯೋ ಇಲ್ಲವೋ ಎಂದು ಹೊರಮೈಗೆ ಅಂಗೈ ಇಟ್ಟು ನೋಡಿ. ಬೆಚ್ಚಗಿನ ನೀರು ಹಾಕಿ ನೆನೆಯಲು ಬಿಡಿ, ಅಂಟಿದ್ದನ್ನು ಕಟ್ಟಿಗೆಯ ಸೌಟಿನಿಂದ ಎಬ್ಬಿಸಿ. ಜಿಡ್ಡಿಗೆ ಒಂದು ಹಿಡಿ ಜೋಳದ ಹಿಟ್ಟೋ ಕಡ್ಲಿಹಿಟ್ಟೋ ಹಾಕಿ ತಿಕ್ಕಿ, ತೊಳೆಯಿರಿ. ಹಿಟ್ಟು ಜಿಡ್ಡನ್ನು ಹೀರುತ್ತದೆ, ಒಳಗಿನ ಪದರವನ್ನು ಮುಟ್ಟುವುದಿಲ್ಲ. ಸೋಪಿನ ನೀರು ಕಲ್ಲಿನ ತೂತುಗಳಿಗೆ ಇಳಿದು ಮರುದಿನದ ಸಾರಿಗೆ ಬರಬಹುದು. ಒಲೆಯ ಬೂದಿಯನ್ನೂ ಇದಕ್ಕೆ ಬಳಸಬೇಡಿ. ಹಿತ್ತಾಳೆಗೆ ಬೂದಿ ಒಳ್ಳೆಯದೇ. ಆದರೆ ಬೂದಿಯ ಕ್ಷಾರ ಎಣ್ಣೆಯ ಜೊತೆ ಸೇರಿದರೆ ಸೋಪೇ ಆಗುತ್ತದೆ, ನೀವು ಕಷ್ಟಪಟ್ಟು ಕಟ್ಟಿಸಿದ ಪದರ ಹೋಗುತ್ತದೆ. ಪದರ ಕಮಟಾಗಿದ್ದರೆ ಮಾತ್ರ ಅಂಟುವಾಳದ ಬಿಸಿನೀರಿನಿಂದ ಒಮ್ಮೆ ಪೂರಾ ತೆಗೆದು, ಮತ್ತೆ ಗಂಜಿಯಿಂದ ಶುರು ಮಾಡಿ. ಪಡ್ಡಿನ ಹಂಚಿನ ಗುಳಿಗಳನ್ನು ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಒರೆಸಿದರೆ ಸಾಕು, ನೀರೇ ಬೇಕಿಲ್ಲ.

ಒಳ್ಳಿನ ಮಾತು ಬೇರೆ. ಶೇಂಗಾ, ಗುರೆಳ್ಳು, ಅಗಸಿ ಚಟ್ನಿ ಕುಟ್ಟುವ ಒಳ್ಳಿಗೆ ದಿನಾ ನೀರು ಹಾಕುವ ಅಗತ್ಯವಿಲ್ಲ. ಒಂದು ಹಿಡಿ ಒಣ ಜೋಳದ ಹಿಟ್ಟು ಹಾಕಿ ಗುಂಡಿನಿಂದ ತಿರುವಿ, ಬಟ್ಟೆಯಿಂದ ಒರೆಸಿ. ರಂಜಕ ಕುಟ್ಟಿದ ದಿನ ಮಾತ್ರ ಬಿಸಿನೀರು ಬೇಕು. ಮೊದಲು ಹರಳುಪ್ಪಿನಿಂದ ಉಜ್ಜಿದರೆ ಬಳ್ಳೊಳ್ಳಿಯ ವಾಸನೆ ತಗ್ಗುತ್ತದೆ. ಹಳೆಯ ಮನೆಗಳಲ್ಲಿ ಒಳ್ಳನ್ನು ನೆಲದಲ್ಲೇ ಹೂತಿರುತ್ತಾರೆ. ಅದನ್ನು ಬೋರಲು ಹಾಕಲು ಬರುವುದಿಲ್ಲ, ತಳದಲ್ಲಿ ನೀರು ನಿಂತೇ ನಿಲ್ಲುತ್ತದೆ. ಬಟ್ಟೆ ಅದ್ದಿ ಅದ್ದಿ ಹಿಂಡಿ ತೆಗೆಯಿರಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ತೇವದಲ್ಲಿ ಉಳಿದ ಶೇಂಗಾ ಪುಡಿಗೆ ಬೂಸುರು ಹಿಡಿಯುತ್ತದೆ. ಶೇಂಗಾಕ್ಕೆ ಹತ್ತುವ ಒಂದು ಜಾತಿಯ ಬೂಸುರು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತದೆ. ಅದು ಲಿವರಿಗೆ ಕೆಟ್ಟದ್ದು, ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಒಳ್ಳಿನ ತಳಕ್ಕೆ ಬೆರಳು ಹಾಕಿ ನೋಡದೆ ಮಲಗಬೇಡಿ.

ಬೀಸುವ ಕಲ್ಲಿಗೆ ನೀರು ತಗಲಿಸದಿರುವುದೇ ಮೇಲು. ಎರಡೂ ಕಲ್ಲು ಬೇರೆ ಮಾಡಿ, ಬ್ರಷ್‌ನಿಂದ ಹಿಟ್ಟು ಝಾಡಿಸಿ ಬಿಸಿಲಿಗಿಡಿ. ರಾಮದುರ್ಗದ ಬಿಸಿಲಿಗೆ ಒಂದು ಮಧ್ಯಾಹ್ನ ಸಾಕಾದೀತು. ಕಿತ್ತೂರಿನ ಕಡೆ ಮಳೆ ಜಾಸ್ತಿ, ಆಷಾಢ ಶ್ರಾವಣದಲ್ಲಿ ದಿನಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಅಲ್ಲಿಯವರು ಕಲ್ಲನ್ನು ಒಲೆಯಿಂದ ಮಾರು ದೂರದಲ್ಲಿ, ಕಟ್ಟಿಗೆಯ ಮಣೆಯ ಮೇಲೆ ಇಡಲಿ. ಸಿಮೆಂಟಿನ ನೆಲದ ಮೇಲೆ ಬೇಡ, ತೇವ ಕೆಳಗಿನಿಂದಲೂ ಏರುತ್ತದೆ.

ಕೂದಲೆಳೆ ಬಿರುಕು ಬಿಟ್ಟ ಕಡಾಯಿಯನ್ನು ಮತ್ತೆ ಉರಿಗೆ ಒಡ್ಡಬೇಡಿ, ಬಿಸಾಕಲೂ ಬೇಡಿ. ಉಪ್ಪು, ಹುಣಸೆಹಣ್ಣು ಇಡಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಒಳ್ಳು ನುಣುಪಾಗಿ ಚಟ್ನಿ ಜಾರುತ್ತಿದ್ದರೆ ಕಲ್ಲು ಸತ್ತಿಲ್ಲ, ಮುಳ್ಳು ಸವೆದಿದೆ ಅಷ್ಟೆ. ಕಲ್ಲು ಕಟೆಯುವವರು ಚಾಣ, ಸುತ್ತಿಗೆ ಹಿಡಿದು ಬಂದು ಮತ್ತೆ ಮುಳ್ಳು ಹೊಡೆದುಕೊಡುತ್ತಾರೆ. ಹೊಡೆಸಿದ ಮೇಲೆ ಜೋಳ ಮತ್ತು ಹರಳುಪ್ಪು ಹಾಕಿ ಕುಟ್ಟಿ, ಆ ಹಿಟ್ಟನ್ನು ಚೆಲ್ಲಿ. ದನಕ್ಕೂ ಹಾಕಬೇಡಿ, ಅದರಲ್ಲಿ ಕಲ್ಲಿನ ಪುಡಿ ಇರುತ್ತದೆ. ಹಲ್ಲಿಗೆ ಹರಳು ಸಿಗದ ತನಕ ಹೀಗೇ ಮಾಡಿ. ಮೊದಲಿನಂತೆ ಓಣಿ ಓಣಿ ಕೂಗಿಕೊಂಡು ಬರುವ ಕಲ್ಲುಕುಟಿಗರು ಈಗ ಅಪರೂಪ. ನಿಮ್ಮೂರಿನಲ್ಲಿ ಒಬ್ಬರು ಉಳಿದಿದ್ದರೂ ಹುಡುಕಿ ಕರೆಯಿರಿ. ಎಲ್ಲಮ್ಮನ ಬನದ ಹುಣ್ಣಿಮೆಗೆ ಹೋಳಿಗೆಯ ಹೂರಣ ಅರೆಯುವ ಮೊದಲೇ ಹಿತ್ತಲಲ್ಲಿ ಬಿದ್ದಿರುವ ಒಳ್ಳು, ಬೀಸುವ ಕಲ್ಲು ಅವರ ಮುಂದಿಡಿ, ಕೂಲಿಗೆ ಚೌಕಾಸಿ ಮಾಡಬೇಡಿ.