ಹಳೆಯ ಅಚ್ಚು, ಹೊಸ ಅಳಲು

ಪ್ರಾಚೀನ ಕಲಾರೂಪದಲ್ಲಿ ಹೊಸ ಕಾಲದ ವಸ್ತುವನ್ನು ಹೇಳಲು ಸಾಧ್ಯವೇ? ಗ್ರೀಕ್ ರುದ್ರನಾಟಕದ ರೂಪದಲ್ಲಿ ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಕನ್ನಡಕ್ಕೆ ಕೊಟ್ಟುದನ್ನು ನಾವು ಬಲ್ಲೆವು. ಅದಕ್ಕೂ ಬಹು ಹಿಂದೆ ಇಂಗ್ಲೆಂಡಿನ ಕುಂಬಾರ ಜೊಸಾಯ ವೆಜ್‌ವುಡ್ (1730–1795) ಗ್ರೀಕ್ ಶೈಲಿಯನ್ನು ಮಣ್ಣಿನಲ್ಲಿ ಪ್ರಯೋಗಿಸಿದನು. ಅದರ ಕಥೆಯನ್ನು ನೋಡೋಣ.

ಕ್ರಿ. ಪೂ. 6ನೆಯ ಶತಮಾನದಲ್ಲಿ ಅಥೆನ್ಸಿನ ಕುಂಬಾರರು ಕೆಂಪು ಮಣ್ಣಿನ ಪಾತ್ರೆಗಳ ಮೇಲೆ ಕಪ್ಪು ಆಕೃತಿಗಳನ್ನು ಬರೆಯುತ್ತಿದ್ದರು. ಆ ಶತಮಾನ ಮುಗಿಯುವ ಮುನ್ನ ಹಿನ್ನೆಲೆಯನ್ನು ಕಪ್ಪಾಗಿಸಿ, ಆಕೃತಿಯನ್ನು ಮಣ್ಣಿನ ಬಣ್ಣದಲ್ಲೇ ಉಳಿಸುವ ಕ್ರಮವೂ ಬಂದಿತು. ಇಂಥ ಪಾತ್ರೆಗಳು 18ನೆಯ ಶತಮಾನದಲ್ಲಿ ಇಟಲಿಯ ನೆಲದಿಂದ ಹೇರಳವಾಗಿ ಹೊರಬಂದವು. ವೆಜ್‌ವುಡ್ ಅವುಗಳ ಚಿತ್ರಗಳನ್ನು ಪುಸ್ತಕಗಳಲ್ಲಿ ಕಂಡು ಮಾರುಹೋದನು. 1769ರಲ್ಲಿ ‘ಎಟ್ರೂರಿಯಾ’ ಎಂಬ ತನ್ನ ಹೊಸ ಕಾರ್ಖಾನೆಯನ್ನು ತೆರೆದ ದಿನ, ಅಲ್ಲಿ ರೂಪಿಸಿದ ಹೂದಾನಿಗಳ ಕಪ್ಪು ಮೈಯ ಮೇಲೆ ಅನಂತರ ಕೆಂಪು ಚಿತ್ರಗಳನ್ನು ಬರೆಯಲಾಯಿತು. ಆದರೆ ಇದು ಅನುಕರಣೆ ಮಾತ್ರ.

ಪ್ರಾಚೀನರು ಪದರುಪದರಾದ ಕಲ್ಲಿನ ಮೇಲಿನ ಬಣ್ಣದಲ್ಲಿ ಆಕೃತಿ ಕೊರೆದು, ಕೆಳಗಿನ ಬಣ್ಣವನ್ನು ಹಿನ್ನೆಲೆಯಾಗಿ ಬಿಡುತ್ತಿದ್ದರು. ಅದನ್ನು ಮಣ್ಣಿನಲ್ಲಿ ತರುವುದು ವೆಜ್‌ವುಡ್‌ನ ಮುಂದಿನ ಹಂಬಲ. ಮಣ್ಣು ಬೆಂದಾಗ ಕುಗ್ಗುತ್ತದೆ. ಆಕೃತಿಯ ಮಣ್ಣೂ ಹಲಗೆಯ ಮಣ್ಣೂ ಬೇರೆಬೇರೆ ಪ್ರಮಾಣದಲ್ಲಿ ಕುಗ್ಗಿದರೆ ಬಿರುಕು ಖಂಡಿತ. ಅವನು ಸಾವಿರಾರು ಮಣ್ಣಿನ ತುಣುಕುಗಳಿಗೆ ಸಂಖ್ಯೆ ಹಾಕಿ, ಸುಟ್ಟು, ಫಲವನ್ನು ಬರೆದಿಟ್ಟನು. 1770ರ ದಶಕದಲ್ಲಿ ಬೇರಿಯಂ ಸಲ್ಫೇಟ್ ಸೇರಿದ ಒಂದು ಮಿಶ್ರಣ ಹದಕ್ಕೆ ಬಂದಿತು. ಅದೇ ‘ಜಾಸ್ಪರ್’. ಅಚ್ಚಿನಲ್ಲಿ ಒತ್ತಿದ ಬಿಳಿಯ ಆಕೃತಿಯನ್ನು ನೀಲಿ ಮೈಗೆ ಅಂಟಿಸಿ ಸುಡುವುದು ಅದರ ಪ್ರಸಿದ್ಧ ರೀತಿ.

ಆ ಕಾಲದಲ್ಲಿ ಆಫ್ರಿಕದ ಜನರನ್ನು ಹಿಡಿದು ಹಡಗುಗಳಲ್ಲಿ ತುಂಬಿ ಮಾರುವ ವ್ಯಾಪಾರ ಭರದಿಂದ ಸಾಗಿತ್ತು. ಅದನ್ನು ನಿಲ್ಲಿಸಲು 1787ರಲ್ಲಿ ಲಂಡನ್ನಿನಲ್ಲಿ ಒಂದು ಸಂಘ ಹುಟ್ಟಿತು. ವೆಜ್‌ವುಡ್ ಅದಕ್ಕಾಗಿ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಜಾಸ್ಪರ್ ಪದಕವನ್ನು ಮಾಡಿಸಿದನು. ಸಂಕೋಲೆಯ ಕೈಗಳನ್ನೆತ್ತಿ ಮೊಣಕಾಲೂರಿದ ಒಬ್ಬ ಆಫ್ರಿಕನ್. ಸುತ್ತಲೂ, ತಾನೂ ಮನುಷ್ಯನಲ್ಲವೇ, ಸೋದರನಲ್ಲವೇ ಎಂಬ ಪ್ರಶ್ನೆ. ಇಲ್ಲಿ ಹಲಗೆ ಬಿಳಿದು, ಆಕೃತಿ ಕಪ್ಪು. ವಸ್ತು ಬೇಡಿದಂತೆ ರೂಪವೂ ಬದಲಾಯಿತು. ಪದಕಗಳನ್ನು ಉಚಿತವಾಗಿ ಹಂಚಲಾಯಿತು. ಮಹಿಳೆಯರು ಅವನ್ನು ಕೈಬಳೆಗಳಲ್ಲಿ, ತಲೆಯ ಪಿನ್ನುಗಳಲ್ಲಿ ಕೂರಿಸಿಕೊಂಡರು. ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ; ಅದನ್ನು ನೋಡಲು ವೆಜ್‌ವುಡ್ ಬದುಕಿರಲಿಲ್ಲ.

ಎರಡು ಸಂಗತಿಗಳನ್ನು ನಾವು ಮರೆಯಬಾರದು. ಗ್ರೀಕರೇ ಗುಲಾಮರನ್ನು ಇಟ್ಟುಕೊಂಡಿದ್ದರು. ಅವರಿಂದ ಬಂದ ಕಲೆ ಇಲ್ಲಿ ಗುಲಾಮಗಿರಿಯ ವಿರುದ್ಧವೇ ನಿಂತಿತು. ಮತ್ತೆ, ಮೊಣಕಾಲೂರಿ ಬೇಡುವ ಭಂಗಿ ಆ ಜನರ ಸ್ವಂತ ಹೋರಾಟವನ್ನು ಮರೆಮಾಡುತ್ತದೆಂದು ಇಂದಿನ ವಿಮರ್ಶಕರು ಆಕ್ಷೇಪಿಸುತ್ತಾರೆ. 1791ರಲ್ಲಿ ಹೈಟಿಯಲ್ಲಿ ದಂಗೆಯೆದ್ದವರು ಯಾರನ್ನೂ ಬೇಡಲಿಲ್ಲವಷ್ಟೆ.

ವಿದ್ಯಾರ್ಥಿಗಳೇ, ಕೆಂಪು ಕಾಗದದ ಮೇಲೆ ಕಪ್ಪು ಮಸಿಯಿಂದ, ಪಕ್ಕದ ನೋಟದಲ್ಲಿ, ಬಸ್ಸಿಗೆ ಕಾದವರನ್ನೋ ಹೊಲದಲ್ಲಿ ನಾಟಿ ಮಾಡುವವರನ್ನೋ ಬರೆದು ನೋಡಿರಿ. ಮೊದಲು ಹಳೆಯ ಕ್ರಮವನ್ನು ಶ್ರದ್ಧೆಯಿಂದ ಕಲಿಯಿರಿ. ಅನಂತರ ನಿಮ್ಮ ಕಾಲದ ಮಾತು ಎಲ್ಲಿ ಅದನ್ನು ಬದಲಿಸಬೇಕೆನ್ನುತ್ತದೆಯೋ ಅಲ್ಲಿ ಅಂಜದೆ ಬದಲಿಸಿರಿ.